ದೇವರ ಮನೆಯಲ್ಲೊಂದು ಹಾಸಿಗೆ

ಅಪ್ಪ ಆಸ್ಪತ್ರೆಯಲ್ಲಿದ್ದ 19 ರಾತ್ರಿಯೂ ಅಮ್ಮ ಮಲಗಿದ್ದು ಎರಡನೇ ಮಹಡಿಯ ಮೆಟ್ಟಿಲ ಪಕ್ಕದಲ್ಲಿ. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಸೆಕ್ಯೂರಿಟಿಯವರು ಬಂದು ವಾರ್ಡಿನಲ್ಲಿದ್ದ ರೋಗಿಗಳ ಕಡೆಯವರನ್ನು ಹೊರಗೆ ಕಳಿಸುತ್ತಿದ್ದರು. ಒಬ್ಬ ರೋಗಿಗೆ ಒಬ್ಬರು ಮಾತ್ರ ಇರಬಹುದು, ಅವರೂ ಕುರ್ಚಿಯಲ್ಲಿ ಕೂತಿರಬೇಕು. ಒಳಗೆ ನಾನು ಕೂರುತ್ತಿದ್ದೆ. ಹೊರಗೆ ಅಮ್ಮ ಮನೆಯಿಂದ ತಂದ ಚಾಪೆ ಹಾಸಿಕೊಳ್ಳುತ್ತಿದ್ದಳು.

ಆ ಮೆಟ್ಟಿಲ ಬಳಿ ಅವಳಿಗೆ ನೆಂಟರು ಹುಟ್ಟಿಕೊಂಡರು. ನರಸಿಂಹರಾಜಪುರದ ಕಡೆಯ ಒಬ್ಬಾಕೆ, ಗಂಡನ ಕಿಡ್ನಿ ತೊಂದರೆಗೆಂದು ಬಂದವರು. ಶೃಂಗೇರಿ ಕಡೆಯ ಒಬ್ಬ ಅಜ್ಜ, ಹೆಂಡತಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ನಾವು ಕೊಪ್ಪದವರು. ಮೂರು ಮನೆಯ ಊಟದ ಡಬ್ಬಿ, ಬಿಸಿನೀರಿನ ಫ್ಲಾಸ್ಕು, ಬಟ್ಟೆಯ ಚೀಲ ಎಲ್ಲ ಆ ನಾಲ್ಕಡಿ ಜಾಗದಲ್ಲಿ. "ನಮ್ಮ ಮೂರೂ ತಾಲ್ಲೂಕಿಗೆ ಒಬ್ಬರೇ ಎಂಎಲ್‌ಎ. ಇಲ್ಲಿ ನೋಡಿದ್ರೆ ಮೆಟ್ಟಿಲೂ ಒಂದೇ" ಅಂತ ಅಜ್ಜ ನಗುತ್ತಿದ್ದರು.

ಎರಡು ವರ್ಷದ ಹಿಂದಿನ ಆಷಾಢದ ಮಾತಿದು. ರಾತ್ರಿ ಒಂದೂವರೆಗೆ ಬಚ್ಚಲಿಗೆಂದು ಎದ್ದ ಅಪ್ಪ ಗೋಡೆ ಹಿಡಿದು ನಿಂತುಬಿಟ್ಟರು. ಮಾತು ತೊದಲಿತು, ಬಲಗೈ ಏಳಲಿಲ್ಲ. ಕರೆಂಟು ಹೋಗಿ ಮೂರು ದಿನವಾಗಿತ್ತು. ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ತೋಟದ ಮೇಲಿನ ದರೆ ಹತ್ತಿದರೆ ಮಾತ್ರ. ಮಳೆಯಲ್ಲೇ ಹತ್ತಿ ಪಕ್ಕದ ಮನೆಯ ಅಣ್ಣನಿಗೆ ಫೋನ್ ಮಾಡಿದೆ. ಅವನು ಜೀಪು ತಂದ. ಮೊದಲು ಸಿಕ್ಕ ಆಸ್ಪತ್ರೆಯ ಡಾಕ್ಟರು ನೋಡಿದವರೇ, "ಪಾರ್ಶ್ವವಾಯು ಇದ್ದ ಹಾಗಿದೆ. ತಲೆಯ ಸ್ಕ್ಯಾನ್ ಆಗ್ಬೇಕು, ಇಲ್ಲಿ ಆಗಲ್ಲ. ನಿಲ್ಬೇಡಿ, ಹೊರಡಿ" ಅಂದರು. ಹೊರಟೆವು. ದಾರಿಯಲ್ಲಿ ಮರ ಬಿದ್ದಿತ್ತು. ಅಣ್ಣ ಮತ್ತು ಹಿಂದಿನಿಂದ ಬಂದ ಲಾರಿಯವರು ಕತ್ತಿಯಲ್ಲಿ ಕೊಂಬೆ ಸವರಿ ದಾರಿ ಮಾಡಿದರು. ಘಟ್ಟ ಇಳಿದು ದೊಡ್ಡ ಆಸ್ಪತ್ರೆ ಮುಟ್ಟಿದಾಗ ಏಳು ಗಂಟೆ. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂದು ನನಗೆ ಗೊತ್ತಾದದ್ದು ಅವತ್ತು. ನಾವು ಐದೂವರೆ ಗಂಟೆ ಕಳೆದಿದ್ದೆವು.

ಅಪ್ಪ ಉಳಿದರು. ಬಲಗೈ ಪೂರ್ತಿ ಮರಳಲಿಲ್ಲ.

ಆ ರಾತ್ರಿಗಳಲ್ಲಿ ಕುರ್ಚಿಯ ಮೇಲೆ ಕೂತು ನಾನು ಮಾಡುತ್ತಿದ್ದ ಕೆಲಸ ಹೇಳಿದರೆ ವಿಚಿತ್ರ ಅನ್ನಿಸಬಹುದು. ನನ್ನ ಪಿಎಚ್‌ಡಿ ವಿಷಯ ಹನ್ನೊಂದು, ಹನ್ನೆರಡನೇ ಶತಮಾನದ ಕರ್ನಾಟಕದ ಮಠಗಳು ಮತ್ತು ಅವುಗಳಿಗೆ ಸಂದ ದಾನ. ಅದರಲ್ಲೊಂದು ಅಧ್ಯಾಯ ಮಠಗಳಲ್ಲಿ ನಡೆಯುತ್ತಿದ್ದ ರೋಗಿಗಳ ಆರೈಕೆಯ ಕುರಿತು. ಹೋಲಿಕೆಗೆ ಇರಲಿ ಎಂದು ನನ್ನ ಗೈಡ್ ಫ್ರಾನ್ಸಿನ ಹಳೆಯ ಧರ್ಮಾಸ್ಪತ್ರೆಗಳ ನಕ್ಷೆ, ಚಿತ್ರಗಳನ್ನು ಕಳಿಸಿದ್ದರು. ಅಪ್ಪನಿಗೆ ಡ್ರಿಪ್ ಹನಿಯುತ್ತಿರುವಾಗ ನಾನು ಮೊಬೈಲಿನಲ್ಲಿ ಆ ನಕ್ಷೆಗಳನ್ನು ಹಿಗ್ಗಿಸಿ ನೋಡುತ್ತಿದ್ದೆ. ಓದಲು ತಲೆ ಓಡುತ್ತಿರಲಿಲ್ಲ, ಚಿತ್ರ ನೋಡಬಹುದಿತ್ತು.

ಅದರಲ್ಲಿ ಬೋನ್ ಎಂಬ ಊರಿನ ಆಸ್ಪತ್ರೆ ನನ್ನನ್ನು ಹಿಡಿದಿಟ್ಟಿತು. ನಾನು ಅಲ್ಲಿಗೆ ಹೋದವಳಲ್ಲ. ಬರ್ಗಂಡಿಯ ದ್ರಾಕ್ಷಿತೋಟಗಳ ನಡುವಿನ ಊರದು. ನೂರು ವರ್ಷಗಳ ಯುದ್ಧ ಕೊನೆಗಾಣುತ್ತಿದ್ದ ಕಾಲ. ಬರ, ಕೊಳ್ಳೆಗಾರರ ಹಾವಳಿಯಲ್ಲಿ ಜನ ಸೋತಿದ್ದರು. 1443ರ ಆಗಸ್ಟ್ 4ರಂದು ಬರ್ಗಂಡಿಯ ಡ್ಯೂಕನ ಮಂತ್ರಿ ನಿಕೊಲಾ ರೋಲಾಂ ಮತ್ತು ಅವನ ಹೆಂಡತಿ ಗಿಗೋನ್ ದ ಸಾಲಾಂ ಅಲ್ಲಿ ಬಡವರಿಗಾಗಿ ಒಂದು ಆಸ್ಪತ್ರೆಯನ್ನು ಸ್ಥಾಪಿಸಿದರು. ಮೊದಲ ರೋಗಿ ಒಳಗೆ ಬಂದದ್ದು 1452ರ ಜನವರಿ 1ರಂದು. ರೋಲಾಂ ಸಂತನೇನಲ್ಲ. ಅಧಿಕಾರದಲ್ಲಿದ್ದು ಬೇಕಾದಷ್ಟು ಕೂಡಿಟ್ಟವನು. ಅಷ್ಟು ಜನರನ್ನು ಬಡವರನ್ನಾಗಿಸಿದವನು ಅವರಿಗೊಂದು ಆಸ್ಪತ್ರೆ ಕಟ್ಟಿಸಿದ್ದು ನ್ಯಾಯವೇ ಎಂದು ಫ್ರಾನ್ಸಿನ ರಾಜನೊಬ್ಬ ಕುಹಕವಾಡಿದನೆಂಬ ಕತೆಯೂ ಇದೆ.

ಬೀದಿಯಿಂದ ನೋಡಿದರೆ ಆ ಕಟ್ಟಡ ಸಾದಾ ಕಲ್ಲುಹೆಂಚಿನ ಎತ್ತರದ ಸೂರು, ಅಷ್ಟೇ. ಒಳಗೆ ಹೋದರೆ ನಮ್ಮ ತೊಟ್ಟಿಮನೆಯಂಥ ಅಂಗಳ. ಸುತ್ತ ಮರದ ಕಂಬಗಳ ಎರಡು ಅಂತಸ್ತಿನ ಮೊಗಸಾಲೆ, ಅಂಗಳದಲ್ಲಿ ಬಾವಿ, ಮೇಲೆ ಕೆಂಪು, ಕಂದು, ಹಳದಿ, ಹಸಿರು ಹೊಳಪಿನ ಹೆಂಚುಗಳಲ್ಲಿ ಹೆಣೆದ ಸೂರು. ಮಳೆಯಾಗಲಿ ಬಿಸಿಲಾಗಲಿ, ಮೊಗಸಾಲೆಯ ಅಡಿಯಲ್ಲೇ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯಬಹುದು. ಬಣ್ಣವೆಲ್ಲ ಒಳಮುಖವಾಗಿದೆ, ದಾರಿಹೋಕರ ಕಣ್ಣಿಗೆ ಬೀಳುವಂತಿಲ್ಲ.

ಬಡವರ ಹಜಾರ ಎಂದು ಕರೆಯುವ ದೊಡ್ಡ ವಾರ್ಡು ಸುಮಾರು 50 ಮೀಟರ್ ಉದ್ದ, 14 ಮೀಟರ್ ಅಗಲ, 16 ಮೀಟರ್ ಎತ್ತರ. ಮಗುಚಿದ ದೋಣಿಯ ಹಾಗೆ ಬಾಗಿದ ಮರದ ಚಾವಣಿ. ಎರಡೂ ಗೋಡೆಗೆ ತಲೆಯಿಟ್ಟು ಸಾಲಾಗಿ ಹಾಸಿಗೆಗಳು, ಒಟ್ಟು 30. ಪ್ರತಿ ಹಾಸಿಗೆಗೂ ಕೆಂಪು ಪರದೆ. ಹಿಂದಿನ ಕಾಲದಲ್ಲಿ ಒಂದೊಂದರಲ್ಲಿ ಇಬ್ಬಿಬ್ಬರು ಮಲಗುತ್ತಿದ್ದರು. ಹಜಾರದ ಕೊನೆಯಲ್ಲಿ ಗೋಡೆಯಿಲ್ಲ, ಮರದ ಜಾಲಂಧ್ರ. ಅದರಾಚೆಗೆ ದೇವರ ಪೀಠ. ಎದ್ದು ಹೋಗಲಾರದವರು ಮಲಗಿದಲ್ಲಿಂದಲೇ ಪೂಜೆ ಕೇಳಬಹುದಿತ್ತು. ರೊಜಿಯರ್ ವಾನ್ ಡರ್ ವೇಯ್ಡನ್ ಬರೆದ ಅಂತಿಮ ತೀರ್ಪಿನ ದೊಡ್ಡ ಚಿತ್ರಫಲಕ ಅಲ್ಲಿತ್ತು. ದಿನವೂ ಮುಚ್ಚಿರುತ್ತಿದ್ದ ಅದರ ಬಾಗಿಲುಗಳನ್ನು ಭಾನುವಾರ, ಹಬ್ಬದ ದಿನ ಮಾತ್ರ ತೆರೆಯುತ್ತಿದ್ದರು.

ಫ್ರಾನ್ಸಿನಲ್ಲಿ ಇಂಥ ಆಸ್ಪತ್ರೆಗಳನ್ನು 'ಓತೆಲ್ ದಿಯೂ' ಅನ್ನುತ್ತಿದ್ದರು. ಕನ್ನಡದಲ್ಲಿ ನೇರವಾಗಿ ಹೇಳಿದರೆ, ದೇವರ ಮನೆ.

ಆ ಮಾತಿಗೆ ನಾನು ನಿಂತುಬಿಟ್ಟೆ. ನಮ್ಮ ಮನೆಯಲ್ಲೂ ದೇವರ ಮನೆ ಇದೆ. ಅಲ್ಲಿಗೆ ಮಡಿಯಿಲ್ಲದೆ ಹೋಗುವಂತಿಲ್ಲ, ಸೂತಕದಲ್ಲಿ ಹೋಗುವಂತಿಲ್ಲ, ತಿಂಗಳಲ್ಲಿ ಮೂರು ದಿನ ನಾನು ಆ ಬಾಗಿಲ ಕಡೆಗೂ ಸುಳಿಯುವಂತಿರಲಿಲ್ಲ. ಅಜ್ಜಿ ಹಾಸಿಗೆ ಹಿಡಿದಾಗ ಅವಳನ್ನು ಮಲಗಿಸಿದ್ದು ಬಚ್ಚಲಿನ ಪಕ್ಕದ ಹಿಂದಿನ ಕೋಣೆಯಲ್ಲಿ. ತೊಳೆಯಲು ಬಳಿಯಲು ಅನುಕೂಲ ಅನ್ನುವುದು ಕಾರಣ. ಸುಳ್ಳು ಕಾರಣವೇನಲ್ಲ. ಆದರೆ ಐವತ್ತು ವರ್ಷ ದಿನಾ ಬೆಳಗ್ಗೆ ದೇವರ ಮನೆ ಗುಡಿಸಿ ರಂಗೋಲಿ ಹಾಕಿದವಳು ಕೊನೆಯ ಎರಡು ವರ್ಷ ಆ ದೀಪ ನೋಡಲಿಲ್ಲ. ಅವಳ ಕಿಟಕಿಗೆ ಕಾಣುತ್ತಿದ್ದದ್ದು ಕೊಟ್ಟಿಗೆಯ ಗೋಡೆ. ಯಾರೂ ಅವಳನ್ನು ಕಡೆಗಣಿಸಲಿಲ್ಲ. ಗಂಜಿ, ಔಷಧಿ, ಸ್ನಾನ ಯಾವುದಕ್ಕೂ ಕೊರತೆಯಾಗಲಿಲ್ಲ. ಆದರೆ ಅಲ್ಲಿಂದ ಅವಳಿಗೆ ಏನು ಕಾಣುತ್ತದೆ ಎಂದು ನಾವ್ಯಾರೂ ಆ ಹಾಸಿಗೆಯ ಮೇಲೆ ಮಲಗಿ ನೋಡಿರಲಿಲ್ಲ.

ಇಲ್ಲಿ, ಈ ವಾರ್ಡಿನಲ್ಲಿ, ಅಪ್ಪನ ತಲೆಯ ಮೇಲೊಂದು ಟ್ಯೂಬ್‌ಲೈಟ್, ಎದುರಿಗೊಂದು ಬಿಳಿಗೋಡೆ. "ಮಳೆ ಬರ್ತಿದೆಯನೆ?" ಅಂತ ತೊದಲುತ್ತ ಕೇಳುತ್ತಿದ್ದರು. ಆಷಾಢದಲ್ಲಿ ಮಲೆನಾಡಿನವನೊಬ್ಬ ಕೇಳಬೇಕಾದ ಪ್ರಶ್ನೆಯೇ ಅದು!

ಇನ್ನು ನನ್ನ ಅಧ್ಯಾಯದ ಮಾತಿಗೆ ಬರುತ್ತೇನೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಒಂದು ಕಾಲಕ್ಕೆ ಬನವಾಸಿ ನಾಡಿನ ರಾಜಧಾನಿ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಕಾಳಾಮುಖ ಶೈವರದು. ಕಳಚೂರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತದೆ. ಬಿ.ಎಲ್. ರೈಸ್ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದ್ದಾರೆ. ಆಗ ಮಠದ ಗುರು ವಾಮಶಕ್ತಿ. ನಾಲ್ಕು ವೇದ, ಹಲವು ವ್ಯಾಕರಣ, ಬೌದ್ಧವೂ ಸೇರಿದಂತೆ ಷಡ್ದರ್ಶನ, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರು ಎಂದು ಶಾಸನ ಹೇಳುತ್ತದೆ. ಆಮೇಲೆ ಅದು ಅನ್ನದ ಮಾತಿಗೆ ಬರುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಬಾರಿಸುವವರು, ಕುಣಿಯುವವರು, ನಾನಾ ದೇಶದಿಂದ ಬಂದ ಸನ್ಯಾಸಿಗಳು, ಜೈನ ಕ್ಷಪಣಕರು ಹೀಗೆ ಉದ್ದದ ಪಟ್ಟಿಯಿದೆ. ಅದರ ಜೊತೆಗೇ ಇನ್ನೊಂದು ಮಾತು. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ದೊರೆಯುವ ಸ್ಥಾನವಿದು, ಎಲ್ಲ ಜೀವಿಗಳಿಗೂ ಅಭಯದ ಸ್ಥಾನವಿದು.

ನನ್ನ ಮೊದಲ ಕರಡಿನಲ್ಲಿ ಇದರ ಬಗ್ಗೆ ಒಂದೇ ಸಾಲು ಬರೆದಿದ್ದೆ. ಇದು ಪ್ರಶಸ್ತಿ ಭಾಗದ ಸಾಂಪ್ರದಾಯಿಕ ಉತ್ಪ್ರೇಕ್ಷೆ, ಇದನ್ನು ಆಸ್ಪತ್ರೆಗೆ ಪುರಾವೆಯಾಗಿ ತೆಗೆದುಕೊಳ್ಳಲಾಗದು ಎಂದು. ಹಾಗೆ ಬರೆಯಲು ಕಾರಣವಿತ್ತು. ಹೊಗಳುವಾಗ ನಮ್ಮ ಶಾಸನಕವಿಗಳಿಗೆ ಕೈ ತಡೆಯುವುದಿಲ್ಲ. ಹಾಸಿಗೆ ಎಷ್ಟಿತ್ತು, ವೈದ್ಯರು ಯಾರು, ಅವರಿಗೆ ಸಂಬಳವಾಗಿ ಎಷ್ಟು ಭತ್ತ, ಯಾವುದನ್ನೂ ಆ ಪಟ್ಟಿ ಹೇಳುವುದಿಲ್ಲ. ಕಾಂಚೀಪುರದ ಹತ್ತಿರದ ತಿರುಮುಕ್ಕೂಡಲಿನ ಚೋಳ ಶಾಸನದ ಪಕ್ಕದಲ್ಲಿಟ್ಟರೆ ಈ ಕೊರತೆ ಎದ್ದು ಕಾಣುತ್ತದೆ. 1069ರ ಸುಮಾರಿಗೆ ವೀರರಾಜೇಂದ್ರನ ಕಾಲದ ಆ ಶಾಸನ ದೇವಾಲಯದ ಆಸ್ಪತ್ರೆಯ ಲೆಕ್ಕವನ್ನೇ ಕೊಡುತ್ತದೆ. 15 ಹಾಸಿಗೆ, ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆ ತರಲು ಇಬ್ಬರು, ಆರೈಕೆಗೆ ಇಬ್ಬರು ಹೆಂಗಸರು, ದಾಸ್ತಾನಿರಬೇಕಾದ ಔಷಧಿಗಳ ಹೆಸರು. ಸಂಶೋಧಕರಿಗೆ ಬೇಕಾದ್ದು ಇಂಥದ್ದು.

ಆದರೆ ಆ ಕುರ್ಚಿಯ ಮೇಲೆ ಕೂತು ಎರಡೂ ಶಾಸನಗಳ ಟಿಪ್ಪಣಿಗಳನ್ನು ಮತ್ತೆ ಓದುವಾಗ ಇಷ್ಟು ದಿನ ಕಾಣದ್ದೊಂದು ಕಂಡಿತು. ತಿರುಮುಕ್ಕೂಡಲಿನ 15 ಹಾಸಿಗೆ ಅಲ್ಲಿನ ಪಾಠಶಾಲೆಯ ವಿದ್ಯಾರ್ಥಿಗಳಿಗೆ ಮತ್ತು ದೇವಾಲಯದ ಕೆಲಸದವರಿಗೆ. ಅಂದರೆ ಒಳಗಿನವರಿಗೆ. ಬಳ್ಳಿಗಾವಿಯ ಶಾಸನದಲ್ಲಿ ಸಂಖ್ಯೆಯಿಲ್ಲ, ಆದರೆ ಅದು ಹೆಸರಿಸುವ ಜನ ಮಠದವರಲ್ಲ. ಕೊಡಲು ಏನೂ ಇಲ್ಲದವರು, ಬೇರೆ ಮತದವರು, ಯಾವ ಊರಿನವರೆಂದು ಗೊತ್ತಿಲ್ಲದವರು. ಉತ್ಪ್ರೇಕ್ಷೆಯೇ ಇರಲಿ. ಒಂದು ಕಾಲದ ಜನ ತಮ್ಮ ಮಠವನ್ನು ಹೊಗಳಬೇಕೆಂದಾಗ ಚಿನ್ನದ ಕಳಶದ ಜೊತೆಗೆ ಕುಂಟರು, ಕುರುಡರು, ರೋಗಿಗಳು ಬಂದು ಸೇರುವ ಜಾಗವೆಂದು ಹೇಳಿಕೊಂಡರು. ಯಾವುದಕ್ಕೆ ಹೆಮ್ಮೆಪಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಅದೂ ಒಂದು ಪುರಾವೆಯೇ.

ಇದೇ ಹೊತ್ತಿಗೆ, 1175ರ ಸುಮಾರಿಗೆ, ಫ್ರಾನ್ಸಿನ ಆಂಜೆಯಲ್ಲಿ ಸಂತ ಜಾನ್ ಆಸ್ಪತ್ರೆ ಏಳುತ್ತಿತ್ತು. ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿಯ ಅಧಿಕಾರಿಯೊಬ್ಬ ಕಟ್ಟಿಸಿದ್ದು. ತೆಳ್ಳನೆಯ ಕಲ್ಲುಕಂಬಗಳ ಎರಡು ಸಾಲು ಆ ವಿಶಾಲ ಹಜಾರವನ್ನು ಮೂರು ಅಂಕಣವಾಗಿ ಭಾಗ ಮಾಡುತ್ತದೆ. ಹತ್ತೊಂಬತ್ತನೇ ಶತಮಾನದವರೆಗೆ ಅಲ್ಲಿ ರೋಗಿಗಳು ಮಲಗಿದರು, ಈಗ ಅದೊಂದು ಮ್ಯೂಸಿಯಂ. ಆ ಊರಿಗೂ ನಮಗೂ ಒಂದು ನಂಟಿದೆ. 1835ರಲ್ಲಿ ಆಂಜೆಯಲ್ಲಿ ಸ್ಥಾಪನೆಯಾದ ಗುಡ್ ಶೆಫರ್ಡ್ ಸನ್ಯಾಸಿನಿಯರ ಸಂಸ್ಥೆಯೇ 1886ರಲ್ಲಿ ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಆರಂಭಿಸಿದ್ದು.

ಅಪ್ಪ ಮನೆಗೆ ಬಂದ ಮೇಲೆ, ಮಳೆಗಾಲ ಮುಗಿದಾಗ, ನಾನು ಮತ್ತೆ ಬಳ್ಳಿಗಾವಿಗೆ ಹೋದೆ. ತೀರ್ಥಹಳ್ಳಿ, ಶಿವಮೊಗ್ಗ, ಶಿಕಾರಿಪುರ ದಾಟಿ ಶಿರಾಳಕೊಪ್ಪದ ಬಸ್ಸು. ಮೂರು ಗರ್ಭಗುಡಿಯ ಕೇದಾರೇಶ್ವರ ಈಗಲೂ ಗಟ್ಟಿಯಾಗಿ ನಿಂತಿದ್ದಾನೆ. ಕೆರೆಯಿದೆ, ಶಾಸನವಿದೆ. ರೋಗಿಗಳು ಮಲಗಿದ್ದ ಜಾಗ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದು ಮರ, ಮಣ್ಣು, ಹುಲ್ಲಿನದ್ದಾಗಿದ್ದರೆ ಎಂಟುನೂರಕ್ಕೂ ಮಿಕ್ಕಿದ ಮಳೆಗಾಲಗಳು ಏನನ್ನು ಉಳಿಸಿಯಾವು? ದೇವರಿಗೆ ಕಲ್ಲಿನಲ್ಲಿ ಕಟ್ಟಿದರು, ರೋಗಿಗಳಿಗೆ ಏನಿತ್ತೋ ಅದರಲ್ಲಿ ಕಟ್ಟಿದರು ಅನ್ನಿಸಿ ಕೊಂಚ ಹೊತ್ತು ಕೆರೆ ಏರಿಯ ಮೇಲೆ ಕೂತೆ.

ಬೋನ್ ಉಳಿದದ್ದಕ್ಕೆ ಕಲ್ಲು ಒಂದೇ ಕಾರಣವಲ್ಲ. ರೋಲಾಂ ದಂಪತಿ ಕಟ್ಟಡದ ಜೊತೆಗೆ ವರ್ಷವರ್ಷದ ಆದಾಯವನ್ನೂ ಬರೆದುಕೊಟ್ಟರು. ಆಮೇಲೆ ಬಂದ ದಾನಿಗಳು ದ್ರಾಕ್ಷಿತೋಟ ಬಿಟ್ಟರು. ಆ ತೋಟಗಳ ವೈನನ್ನು 1859ರಿಂದ ಪ್ರತಿ ನವೆಂಬರಿನಲ್ಲಿ ಹರಾಜು ಹಾಕುತ್ತಾರೆ. ಹಣ ಆಸ್ಪತ್ರೆಗೆ. ಹಳೆಯ ಕಟ್ಟಡದಲ್ಲಿ ಚಿಕಿತ್ಸೆ 1971ರಲ್ಲಿ ನಿಂತು ಹೊಸದಕ್ಕೆ ಹೋಯಿತು, ಹರಾಜು ಮಾತ್ರ ನಡೆಯುತ್ತಲೇ ಇದೆ. ನಮ್ಮ ಶಾಸನಗಳಲ್ಲೂ ಇದೇ ಜಾಣತನವಿದೆ. ದಾನ ಅಂದರೆ ಗದ್ದೆ, ತೋಟ, ಊರಿನ ಹುಟ್ಟುವಳಿ. ಸೂರ್ಯಚಂದ್ರರಿರುವ ತನಕ ನಡೆಯಲಿ ಎಂಬ ಆಸೆ. ಆದರೆ ಅರಸು ಹೋಗಿ, ವ್ಯಾಪಾರ ಹೋಗಿ, ಊರು ಕುಗ್ಗಿದಾಗ ಹುಟ್ಟುವಳಿಯೂ ಕೈಬಿಟ್ಟಿತು. ಇದನ್ನು ಅಪ್ಪನಿಗೆ ವಿವರಿಸಿದಾಗ ಅವರು ತೋಟದ ಕಡೆ ನೋಡಿ, "ನಮ್ಮ ಅಡಿಕೆ ನಂಬಿ ಯಾರೂ ಆಸ್ಪತ್ರೆ ಕಟ್ಟದೆ ಇದ್ದದ್ದು ಒಳ್ಳೇದಾಯ್ತು" ಅಂದರು. ಹಳದಿ ಎಲೆ ರೋಗ ಬಂದ ತೋಟ ನಮ್ಮದು.

ಶೃಂಗೇರಿಗೆ ನೂರು ಹಾಸಿಗೆಯ ಆಸ್ಪತ್ರೆ ಬೇಕೆಂದು ಜನ ಕೇಳುತ್ತಲೇ ಬಂದಿದ್ದಾರೆ. ಬೇಸಿಗೆಯಲ್ಲಿ ಮಂಗನ ಕಾಯಿಲೆ, ಮಳೆಗಾಲದಲ್ಲಿ ಮುಚ್ಚುವ ದಾರಿ ಇರುವ ನಮ್ಮ ಮೂರು ತಾಲ್ಲೂಕಿಗೆ ಅದು ದೊಡ್ಡ ಆಸೆಯೇನಲ್ಲ. ನನ್ನದೂ ಅದೇ ಬೇಡಿಕೆ. ಅವತ್ತು ಸ್ಕ್ಯಾನ್ ಒಂದು ಗಂಟೆಯ ದಾರಿಯಲ್ಲಿದ್ದಿದ್ದರೆ ಅಪ್ಪನ ಕೈ ಉಳಿಯುತ್ತಿತ್ತೇನೋ. ಬೋನ್‌ನಲ್ಲಾಗಲಿ ಬಳ್ಳಿಗಾವಿಯಲ್ಲಾಗಲಿ ಅಂಥ ಔಷಧಿ ಇರಲಿಲ್ಲ. ಅಲ್ಲಿಗೆ ಬಂದವರಲ್ಲಿ ಎಷ್ಟೋ ಜನ ಸತ್ತಿರಬೇಕು. ಹಳೆಯದನ್ನು ಕೊಂಡಾಡಿ ಇವತ್ತಿನ ಚಿಕಿತ್ಸೆಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಹೊಸ ಆಸ್ಪತ್ರೆಯ ನಕ್ಷೆ ಹಾಕುವವರು ಯಾರೇ ಇರಲಿ, ಖಾಲಿ ಹಾಸಿಗೆಯ ಮೇಲೆ ಒಂದು ಗಳಿಗೆ ಮಲಗಿ ನೋಡಲಿ, ಮೆಟ್ಟಿಲ ಬಳಿ ಒಂದು ರಾತ್ರಿ ಕಳೆಯಲಿ ಎಂದು ಆಸೆ.

ಕಾರ್ತಿಕದಲ್ಲಿ ಅಮ್ಮನ ಹರಕೆ ತೀರಿಸಲು ಶೃಂಗೇರಿಗೆ ಹೋದೆವು. ಶಾರದೆಯ ದರ್ಶನ, ಊಟ ಮುಗಿಸಿ ಅಪ್ಪ ಕೋಲೂರಿಕೊಂಡು ತುಂಗೆಯ ದಡಕ್ಕೆ ಬಂದರು. ಅಲ್ಲಿ ಕಪ್ಪೆ ಶಂಕರನ ಗುಡಿಯಿದೆ. ಬಿಸಿಲಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳು ಕೊಟ್ಟದ್ದನ್ನು ಶಂಕರರು ಕಂಡರೆಂಬ ಐತಿಹ್ಯ ಚಿಕ್ಕಂದಿನಿಂದ ಕೇಳಿದ್ದು. ನಾನು ಉತ್ಸಾಹದಲ್ಲಿ, "ಅಪ್ಪಾ, ನಮ್ಮ ಕಡೆಯ ಮೊದಲ ಹೆರಿಗೆ ವಾರ್ಡ್ ಇದೇ ಅಲ್ವಾ?" ಅಂದೆ.

ಅವರು ಸ್ವಲ್ಪ ಹೊತ್ತು ನೋಡಿದರು. "ನೆರಳು ಕೊಡೋದು ಹೆಚ್ಚಲ್ಲ ಮಾರಾಯ್ತಿ. ಹೆರಿಗೆ ಮುಗಿಯೋ ತನಕ ಅದು ಅಲ್ಲೇ ನಿಂತಿತ್ತಲ್ಲ" ಅಂದು, ಮೀನಿಗೆ ಮಂಡಕ್ಕಿ ಹಾಕುತ್ತಿದ್ದ ಅಮ್ಮನ ಕಡೆ ತಿರುಗಿದರು.

ಈಗ ಅಪ್ಪನ ಮಂಚ ನಡುಮನೆಯಲ್ಲಿದೆ. ಆಸ್ಪತ್ರೆಯಿಂದ ಬಂದ ದಿನ ಎಲ್ಲರೂ ಹಿಂದಿನ ಕೋಣೆಯನ್ನೇ ತೊಳೆದಿಟ್ಟಿದ್ದರು. ನಾನೇ ಬೇಡ ಅಂದೆ. ಮಡಿಯ ಅಮ್ಮ ಏನಾದರೂ ಅಂದಾಳು ಎಂದುಕೊಂಡಿದ್ದೆ. ಅವಳು ಮಂಚದ ಇನ್ನೊಂದು ತುದಿ ಹಿಡಿದಳು. ತಲೆದಿಂಬನ್ನು ಯಾವ ಕಡೆ ಇಡುವುದೆಂದು ನಾನೇ ಒಮ್ಮೆ ಮಲಗಿ ನೋಡಿದೆ. ಆ ಕಡೆ ತೊಟ್ಟಿಗೆ ಬೀಳುವ ಮಳೆ ಕಾಣುತ್ತದೆ, ಈ ಕಡೆ ದೇವರ ಮನೆಯ ದೀಪ.

ಅಧ್ಯಾಯದ ಆ ಸಾಲನ್ನು ತಿದ್ದಿದ್ದೇನೆ. ಕೋಡಿಯ ಮಠವನ್ನು ಆಸ್ಪತ್ರೆ ಎಂದು ಖಚಿತವಾಗಿ ಹೇಳಲು ಅಲ್ಲಿನ ವ್ಯವಸ್ಥೆಯ ವಿವರ ಶಾಸನದಲ್ಲಿಲ್ಲ. ಆದರೆ ರೋಗಿಗಳ ಆರೈಕೆಯನ್ನು ಮಠದ ಕರ್ತವ್ಯಗಳಲ್ಲೊಂದೆಂದು ಅದು ಎಣಿಸುತ್ತದೆ ಎಂದು ಬರೆದೆ. ಸಂಜೆ ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಎಡಗೈಯಲ್ಲಿ ಬಲಗೈ ಬೆರಳುಗಳನ್ನು ಒತ್ತಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡರು.

"ಅಲ್ಲಿ ಜೊತೆಗೆ ಬಂದವರು ಎಲ್ಲಿ ಮಲಗ್ತಿದ್ರಂತೆ?"

"ಅದನ್ನ ಬರೆದಿಲ್ಲ ಅಪ್ಪಾ."

"ಬರೆಯೋದಿಲ್ಲ" ಅಂದರು. ಅಮ್ಮ ಕೆಳಗೆ ಚಾಪೆ ಬಿಡಿಸುತ್ತಿದ್ದಳು.